4 ಜಿಬಿ ರ್ಯಾಮ್‌ನಲ್ಲಿ ಬದುಕುವುದು: ಡೆಸ್ಕ್‌ಟಾಪ್ ಬದಲಿಸಿ ನೋಡಿದೆ, ಝಡ್‌ರ್ಯಾಮ್ ನೋಡಿದೆ, ಝಡ್‌ಸ್ವಾಪ್ ನೋಡಿದೆ

ಹಗುರ ಅಂತ ನಂಬಿ ಲಿನಕ್ಸಿನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿಕೊಂಡವನು ನಾನು. ಬೆಳಿಗ್ಗೆ ಲ್ಯಾಪ್‌ಟಾಪ್ ಬೂಟ್ ಮಾಡಿದಾಗ ಚುರುಕಾಗಿಯೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ರೌಸರಿನಲ್ಲಿ ಹತ್ತು ಹನ್ನೆರಡು ಟ್ಯಾಬ್, ಲಿಬ್ರೆ ಆಫೀಸಿನಲ್ಲಿ ಒಂದು ಕಡತ, ಪಕ್ಕದಲ್ಲಿ ಒಂದೆರಡು ಪಿಡಿಎಫ್ ತೆರೆದಿರುತ್ತಿದ್ದವು, ಅಷ್ಟಕ್ಕೇ ಮೌಸ್ ಬಾಣ ತೆವಳಲು ಶುರು. ಸಂಜೆಯಾದರೆ ಡಿಸ್ಕ್ ದೀಪ ಆರುತ್ತಲೇ ಇರಲಿಲ್ಲ. ಒತ್ತಿದ ಅಕ್ಷರ ಪರದೆಗೆ ಬರಲು ಅರ್ಧ ನಿಮಿಷ. ರ್ಯಾಮ್ 4 ಜಿಬಿ, ಅದೂ ಬೋರ್ಡಿಗೇ ಬೆಸೆದದ್ದು, ಹೆಚ್ಚಿಸುವ ದಾರಿಯಿಲ್ಲ. ಅದರಲ್ಲೂ ಗ್ರಾಫಿಕ್ಸ್ ತನ್ನ ಪಾಲನ್ನು ಮೊದಲೇ ಎತ್ತಿಟ್ಟುಕೊಂಡು, ಲಿನಕ್ಸಿಗೆ ಉಳಿಯುತ್ತಿದ್ದದ್ದು 3.7 ಮಾತ್ರ.

ಸುಮಾರು ಎರಡು ತಿಂಗಳು ಒಂದೊಂದೇ ಮದ್ದು ಹಾಕಿ ನೋಡಿದೆ. ಯಾವುದು ನಾಟಿತು, ಯಾವುದು ಬರೀ ಸಮಾಧಾನ ಎಂಬುದರ ಲೆಕ್ಕ ಇದು.

ಮೊದಲ ಅನುಮಾನ ಡೆಸ್ಕ್‌ಟಾಪ್ ಮೇಲೆಯೇ. 2019ರ 4.14 ಆವೃತ್ತಿಯಲ್ಲಿ ಜಿಟಿಕೆ 3ಕ್ಕೆ (ಕಿಟಕಿ, ಗುಂಡಿಗಳನ್ನು ಬಿಡಿಸುವ ಲೈಬ್ರರಿ) ಬಂದ ಮೇಲೆ ಎಕ್ಸ್‌ಎಫ್‌ಸಿಇ ಮೈ ಬೆಳೆಸಿಕೊಂಡಿದೆ ಎಂದು ಹೇಳುವವರಿದ್ದಾರೆ, ನಾನೂ ನಂಬಿದ್ದೆ. ಒಂದು ವಾರ ಎಲ್‌ಎಕ್ಸ್‌ಕ್ಯೂಟಿ ಎಂಬ ಇನ್ನೊಂದು ಹಗುರ ಡೆಸ್ಕ್‌ಟಾಪ್, ಇನ್ನೊಂದು ವಾರ ಬರೀ ಕಿಟಕಿಗಳನ್ನು ನೋಡಿಕೊಳ್ಳುವ ಐಸ್‌ಡಬ್ಲ್ಯೂಎಂ ಹಾಕಿಕೊಂಡೆ. ಲಾಗಿನ್ ಆಗಿ ಐದು ನಿಮಿಷ ಸುಮ್ಮನೆ ಬಿಟ್ಟು ಅಳೆದರೆ ನನ್ನ ಯಂತ್ರದಲ್ಲಿ ಎಕ್ಸ್‌ಎಫ್‌ಸಿಇ 600 ಎಂಬಿ ಆಸುಪಾಸು, ಎಲ್‌ಎಕ್ಸ್‌ಕ್ಯೂಟಿ 500ರ ಹತ್ತಿರ, ಐಸ್‌ಡಬ್ಲ್ಯೂಎಂ 350 ಚಿಲ್ಲರೆ. ಅಂಕಿ ನೋಡಿ ಖುಷಿಯಾಯಿತು. ಬ್ರೌಸರ್ ತೆರೆದ ಮೇಲೆ ಆ ಖುಷಿ ಇಳಿಯಿತು. ಉಳಿಸಿದ್ದು ಹೆಚ್ಚೆಂದರೆ 250 ಎಂಬಿ, ಭಾರದ ಒಂದೇ ಟ್ಯಾಬ್ ಅದನ್ನು ನುಂಗಿ ನೀರು ಕುಡಿಯುತ್ತದೆ. ಇನ್ನೂ ಒಂದು ಮಾತಿದೆ. ಎಲ್‌ಎಕ್ಸ್‌ಕ್ಯೂಟಿ ನಿಂತಿರುವುದು ಜಿಟಿಕೆಯಂಥದೇ ಇನ್ನೊಂದು ಲೈಬ್ರರಿಯಾದ ಕ್ಯೂಟಿ ಮೇಲೆ, ಫೈರ್‌ಫಾಕ್ಸ್ ಬಳಸುವುದು ಜಿಟಿಕೆ. ಬ್ರೌಸರ್ ತೆರೆದ ಕ್ಷಣ ಎರಡೂ ಸಂಸಾರದ ಲೈಬ್ರರಿಗಳು ಮೆಮೊರಿಗೆ ಬಂದು ಕೂರುತ್ತವೆ. ಎಕ್ಸ್‌ಎಫ್‌ಸಿಇಯಲ್ಲಿ ಜಿಟಿಕೆ ಹೇಗೂ ಮೊದಲೇ ಬಂದಿರುತ್ತದೆ. ಬೂಟ್ ಆದಾಗ ಕಂಡ 100 ಎಂಬಿ ವ್ಯತ್ಯಾಸ ಕೆಲಸ ಶುರುವಾದ ಮೇಲೆ ಕರಗಿಹೋಗಿತ್ತು. ಐಸ್‌ಡಬ್ಲ್ಯೂಎಂ ನಿಜವಾಗಿಯೂ ಹಗುರ. ಆದರೆ ಪೆನ್‌ಡ್ರೈವ್ ತಾನೇ ಮೌಂಟ್ ಆಗಬೇಕು, ವೈಫೈ ಐಕಾನ್ ಬೇಕು, ಬ್ಯಾಟರಿ ಎಚ್ಚರಿಕೆ ಬೇಕು ಎಂದು ಒಂದೊಂದೇ ಸೇರಿಸುತ್ತ ಹೋದರೆ ಕೊನೆಗೆ ಕೈಯಲ್ಲಿ ಕಟ್ಟಿದ ಎಕ್ಸ್‌ಎಫ್‌ಸಿಇ ಆಗುತ್ತದೆ.

ಇಷ್ಟೂ ದಿನ ನಾನು ಕಾಯಿಲೆ ಯಾವುದೆಂದೇ ನೋಡಿರಲಿಲ್ಲ.

ನೋಡಲು ಹೊರಟಾಗ ತಿಳಿದದ್ದು, ಅಳತೆಗೋಲುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಮೆಮೊರಿ ಲೆಕ್ಕ ತೋರಿಸುವ ಫ್ರೀ ಆಜ್ಞೆ ಕೊಟ್ಟರೆ ‘ಫ್ರೀ’ ಕಾಲಮ್ಮಿನಲ್ಲಿ 120 ಎಂಬಿ ಎಂದು ಕಂಡು ಎದೆ ಧಸಕ್ಕೆನ್ನುತ್ತದೆ. ಅದನ್ನು ನೋಡಲೇಬೇಡಿ. ಖಾಲಿ ಬಿದ್ದ ರ್ಯಾಮನ್ನು ಕರ್ನಲ್ (ಲಿನಕ್ಸಿನ ತಿರುಳು) ಡಿಸ್ಕಿನ ಕ್ಯಾಶ್‌ಗೆ, ಅಂದರೆ ಓದಿದ ಕಡತಗಳ ನಕಲಿಗೆ, ಬಳಸಿಕೊಳ್ಳುತ್ತದೆ, ಯಾರಾದರೂ ಕೇಳಿದರೆ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಬಲತುದಿಯ ‘ಅವೈಲಬಲ್’. 2014ರಲ್ಲಿ ಬಂದ 3.14 ಕರ್ನಲ್ಲಿನಿಂದ ಈ ಅಂದಾಜನ್ನು ಕರ್ನಲ್ಲೇ ಲೆಕ್ಕ ಹಾಕಿ ಕೊಡುತ್ತಿದೆ. ಇನ್ನು ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ಕೊಡುವ ಎಚ್‌ಟಾಪ್‌ನಲ್ಲಿ ಬ್ರೌಸರಿನ ಹತ್ತಾರು ಪ್ರೊಸೆಸ್‌ಗಳ ‘ರೆಸ್’ ಅಂಕಿಗಳನ್ನು ಕೂಡಿಸಿದರೆ ಯಂತ್ರದಲ್ಲಿ ಇರುವ ರ್ಯಾಮಿಗಿಂತ ಹೆಚ್ಚು ಬಂದರೂ ಬರಬಹುದು. ಹಂಚಿಕೊಂಡ ಲೈಬ್ರರಿಯ ತೂಕ ಪ್ರತಿಯೊಬ್ಬರ ಹೆಸರಿನಲ್ಲೂ ಪೂರ್ತಿ ಬರೆಯಲಾಗುತ್ತದೆ, ಅದಕ್ಕೆ. ಎಸ್‌ಮೆಮ್ ಎಂಬ ಸಾಧನ ತೋರಿಸುವ ‘ಪಿಎಸ್‌ಎಸ್’ ನ್ಯಾಯವಾದ ಲೆಕ್ಕ: ಐದು ಜನ ಹಂಚಿಕೊಂಡದ್ದನ್ನು ಐದರಿಂದ ಭಾಗಿಸಿಯೇ ಅವರವರ ಹೆಸರಿಗೆ ಹಾಕುತ್ತದೆ. ಎಚ್‌ಟಾಪ್ ನೋಡಲು ಚೆಂದ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದರೆ ಯಾರು ಎಷ್ಟು ತಿಂದರು ಎಂದು ತೀರ್ಪು ಕೊಡಲು ಎಸ್‌ಮೆಮ್ ಬೇಕು.

ಮೊದಲು ಸಿಕ್ಕಿಬಿದ್ದವನು ನಾನೇ. ಫ್ರೀ ಆಜ್ಞೆಯ ‘ಶೇರ್ಡ್’ ಕಾಲಮ್ಮಿನಲ್ಲಿ 900 ಎಂಬಿ ಮೀರಿ ಕೂತಿತ್ತು. ಟಿಎಂಪಿ ಫೋಲ್ಡರ್ ಟಿಎಂಪಿಎಫ್‌ಎಸ್ ಆಗಿತ್ತು, ಅಂದರೆ ಅಲ್ಲಿ ಇಟ್ಟದ್ದೆಲ್ಲ ಇರುವುದು ರ್ಯಾಮಿನಲ್ಲೇ. ಡೆಬಿಯನ್ 13ರಿಂದ ಅಲ್ಲಿಯೂ ಹೀಗೆಯೇ. ಅಳಿಸಿದರಾಯಿತು ಎಂದು ಇಳಿಸಿಕೊಂಡಿದ್ದ ಒಂದು ಐಎಸ್‌ಒ ಕಡತ ಮೂರು ದಿನದಿಂದ ಅಲ್ಲೇ ಮಲಗಿತ್ತು. ಇದು ಕ್ಯಾಶ್ ಲೆಕ್ಕದಲ್ಲಿಯೇ ಸೇರಿ ಕಾಣಿಸುತ್ತದೆ, ಆದರೆ ಕ್ಯಾಶ್‌ನಂತೆ ಬಿಟ್ಟುಕೊಡುವ ಸ್ವತ್ತಲ್ಲ. ಅಳಿಸಬೇಕು, ಇಲ್ಲವೇ ಸ್ವಾಪ್‌ಗೆ, ಅಂದರೆ ರ್ಯಾಮಿನಲ್ಲಿ ಹಿಡಿಸದ್ದನ್ನು ಇಡುವ ಡಿಸ್ಕಿನ ಜಾಗಕ್ಕೆ, ಹೋಗಬೇಕು.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಬೆಳಿಗ್ಗೆ 90 ಎಂಬಿ ಇದ್ದ ಎಕ್ಸ್‌ಆರ್ಗ್ (ಪರದೆ ಬಿಡಿಸುವ ಎಕ್ಸ್ ಸರ್ವರ್) ಸಂಜೆಗೆ 700 ದಾಟುತ್ತಿತ್ತು. ಡ್ರೈವರ್ ಬದಲಿಸಿದೆ, ಕಿಟಕಿಗಳ ನೆರಳು, ಪಾರದರ್ಶಕತೆ ನೋಡಿಕೊಳ್ಳುವ ಕಾಂಪೋಸಿಟರ್ ನಿಲ್ಲಿಸಿದೆ, ಏನೂ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪ್ರೋಗ್ರಾಮುಗಳು ಚಿತ್ರ ಬಿಡಿಸಲು ಕೇಳಿಕೊಂಡ ಪಿಕ್ಸ್‌ಮ್ಯಾಪ್‌ಗಳು (ಚಿತ್ರದ ಹಾಳೆಗಳು) ಇರುವುದು ಎಕ್ಸ್ ಸರ್ವರಿನ ಮಡಿಲಲ್ಲಿ. ಬಿಡಿಸಿ ಮುಗಿದ ಮೇಲೆ ಕೇಳಿದವರೇ ಹಿಂತಿರುಗಿಸಬೇಕು. ಹಿಂತಿರುಗಿಸದಿದ್ದರೆ ಊದಿಕೊಳ್ಳುವುದು ಸರ್ವರ್, ಎಸ್‌ಮೆಮ್‌ನಲ್ಲೂ ಬರುವುದು ಅದರದೇ ಹೆಸರು. ಎಕ್ಸ್‌ರೆಸ್‌ಟಾಪ್ ಎಂಬ ಸಾಧನ ಯಾವ ಕ್ಲೈಂಟ್ ಎಷ್ಟು ಪಿಕ್ಸ್‌ಮ್ಯಾಪ್ ಹಿಡಿದುಕೊಂಡಿದೆ ಎಂದು ಬಿಡಿಸಿ ಹೇಳುತ್ತದೆ. ಮೊದಲ ಸಾಲಿನಲ್ಲಿ ಇದ್ದದ್ದು ಪ್ಯಾನೆಲ್ಲಿಗೆ ಎಲ್ಲಿಂದಲೋ ತಂದು ಹಾಕಿಕೊಂಡಿದ್ದ ಒಂದು ಪುಟ್ಟ ಆಪ್ಲೆಟ್. ಪ್ರತಿ ಸೆಕೆಂಡಿಗೂ ಹೊಸ ಗ್ರಾಫ್ ಬಿಡಿಸುತ್ತಿತ್ತು, ಹಳೆಯದನ್ನು ಬಿಡುತ್ತಿರಲಿಲ್ಲ. ಗ್ರಾಫ್ ಯಾವುದರದ್ದು ಅಂತೀರಿ? ಮೆಮೊರಿ ಬಳಕೆಯದ್ದು.

ಇವೆರಡು ಹೋದ ಮೇಲೆ ಅರ್ಧ ಸಮಸ್ಯೆ ಬಗೆಹರಿಯಿತು. ಉಳಿದರ್ಧ ಪ್ರಾಮಾಣಿಕವಾದದ್ದು: ನನ್ನ ಕೆಲಸಕ್ಕೆ ನಿಜಕ್ಕೂ 4 ಜಿಬಿಗಿಂತ ಹೆಚ್ಚು ಬೇಕು. ನಿಜವಾದ ಪೈಪೋಟಿ ಶುರುವಾಗುವುದು ಇಲ್ಲಿ.

ಹೋಲಿಸಲು ‘ಯೂಸ್ಡ್’ ಅಂಕಿ ಕೆಲಸಕ್ಕೆ ಬಾರದು. ಸ್ವಾಪ್ ತುಂಬಿದ್ದರೂ ಯಂತ್ರ ಓಡುತ್ತಿರಬಹುದು, ಖಾಲಿಯಿದ್ದರೂ ಹ್ಯಾಂಗ್ ಆಗಿರಬಹುದು. ನಾನು ನೆಚ್ಚಿಕೊಂಡದ್ದು 4.20 ಕರ್ನಲ್ಲಿನಿಂದ ಇರುವ ಪಿಎಸ್‌ಐ ಅಂಕಿಗಳನ್ನು. ಪ್ರಾಕ್ ಫೋಲ್ಡರಿನೊಳಗೆ ಪ್ರೆಷರ್ ಎಂಬಲ್ಲಿ ಮೆಮೊರಿ ಹೆಸರಿನ ಕಡತವಿದೆ. ಮೆಮೊರಿಗಾಗಿ ಕೆಲಸ ನಿಂತು ಕಾದದ್ದು ಶೇಕಡಾ ಎಷ್ಟು ಹೊತ್ತು ಎಂದು ಅದು ಹೇಳುತ್ತದೆ. ‘ಸಮ್’ ಎಂದರೆ ಕೆಲವರು ಕಾದರು, ‘ಫುಲ್’ ಎಂದರೆ ಎಲ್ಲರೂ ಕೈಕಟ್ಟಿ ನಿಂತರು. ಪ್ರತಿ ಸಲವೂ ಅದೇ ಟ್ಯಾಬುಗಳು, ಅದೇ ಕಡತಗಳು, ಅದೇ ಕ್ರಮ.

ಸ್ವಾಪ್ ಪೂರ್ತಿ ಆರಿಸಿ ನೋಡಿದೆ, ಅರ್ಧ ದಿನವೂ ತಾಳಲಿಲ್ಲ. ಸ್ವಾಪ್ ಇಲ್ಲದಿದ್ದರೆ ಡಿಸ್ಕ್ ಗೊಡವೆಯೇ ಇಲ್ಲ ಎಂದು ತಿಳಿಯುವವರಿದ್ದಾರೆ, ಆದರೆ ದೀಪ ಮೊದಲಿಗಿಂತ ಜೋರಾಗಿ ಉರಿಯಿತು. ಪ್ರೋಗ್ರಾಮಿನ ಕೋಡ್ ಕೂಡ ಡಿಸ್ಕಿನ ಕಡತದಿಂದಲೇ ಬಂದ ಪುಟ, ಅಂದರೆ ಮೆಮೊರಿಯ ತುಂಡು. ಬೇರೇನನ್ನೂ ಹೊರಗೆ ಹಾಕಲಾಗದ ಕರ್ನಲ್ ಆ ಪುಟಗಳನ್ನೇ ಬಿಸಾಡಿ, ಮರುಕ್ಷಣ ಮತ್ತೆ ಓದಿಸುತ್ತದೆ. ಎಂದೋ ತೆರೆದು ಮರೆತ ಟ್ಯಾಬಿನ ಕಸ ರ್ಯಾಮಿನಲ್ಲಿ ಭದ್ರ, ಈಗ ಓಡಬೇಕಾದ ಕೋಡ್ ಹೊರಗೆ.

4 ಜಿಬಿ ಸ್ವಾಪ್ ಕಡತ ಹಾಕಿದಾಗ ಅದಕ್ಕಿಂತ ಎಷ್ಟೋ ವಾಸಿ. ಆದರೆ ಈ ಲ್ಯಾಪ್‌ಟಾಪಿನದು ತಿರುಗುವ ಹಾರ್ಡ್ ಡಿಸ್ಕ್. ಬೆಳಿಗ್ಗೆ ತೆರೆದ ಟ್ಯಾಬಿಗೆ ಮಧ್ಯಾಹ್ನ ಹಿಂತಿರುಗಿದರೆ ಎಂಟು ಹತ್ತು ಸೆಕೆಂಡು ಬಿಳಿ ಪರದೆ, ಆ ಹೊತ್ತಿನಲ್ಲಿ ‘ಫುಲ್’ 30ರ ಮೇಲೆ.

ಝಡ್‌ರ್ಯಾಮ್ ಹಾಕಿದ ದಿನ ಬೇರೆಯೇ ಯಂತ್ರ ಅನ್ನಿಸಿತು. ರ್ಯಾಮಿನೊಳಗೇ ಒಂದು ಸ್ವಾಪ್ ಸಾಧನ ಮಾಡಿ, ಅಲ್ಲಿಗೆ ಬಂದ ಪುಟಗಳನ್ನು ಕುಗ್ಗಿಸಿ ಇಡುವ ಉಪಾಯ ಇದು. ಫೆಡೋರಾ 2020ರಲ್ಲಿ 33ನೇ ಆವೃತ್ತಿಯಿಂದ ಇದನ್ನು ತಾನಾಗಿಯೇ ಹಾಕಿಕೊಡುತ್ತಿದೆ. ಝಡ್‌ರ್ಯಾಮ್‌ಸಿಟಿಎಲ್ ಆಜ್ಞೆಯಲ್ಲಿ ನಾನು ಕಂಡದ್ದು: 1.6 ಜಿಬಿ ಪುಟಗಳು ಝಡ್‌ಎಸ್‌ಟಿಡಿ ಎಂಬ ಕುಗ್ಗಿಸುವ ವಿಧಾನದಲ್ಲಿ 500 ಎಂಬಿ ಸುತ್ತಮುತ್ತ ಕೂತಿವೆ. ಎಲ್‌ಝಡ್4 ಇನ್ನೂ ವೇಗದ್ದು, ಆದರೆ ಅಷ್ಟು ಒತ್ತಿ ತುಂಬುವುದಿಲ್ಲ. ರ್ಯಾಮ್ ಕಡಿಮೆಯಿರುವವರಿಗೆ ಝಡ್‌ಎಸ್‌ಟಿಡಿಯೇ ಲಾಭ. ಎರಡು ತಿರುಪು ಮಾತ್ರ ಬಿಗಿ ಮಾಡಬೇಕಾಯಿತು. ಕರ್ನಲ್ ಸ್ವಾಪಿನತ್ತ ಎಷ್ಟು ಒಲಿಯಬೇಕು ಎಂದು ಹೇಳುವ, ಮೂಲದಲ್ಲಿ 60 ಇರುವ ಸ್ವಾಪಿನೆಸ್ ಅನ್ನು 150ಕ್ಕೆ ಏರಿಸಿದೆ. 5.8 ಕರ್ನಲ್ಲಿನಿಂದ ಇದು 200ರವರೆಗೂ ಹೋಗುತ್ತದೆ, ಸ್ವಾಪ್ ಡಿಸ್ಕಿಗಿಂತ ವೇಗವಾಗಿದ್ದಾಗ ಹಾಗೆ ಏರಿಸುವುದರಲ್ಲಿ ಅರ್ಥವಿದೆ. ಇನ್ನೊಂದು ಪೇಜ್ ಕ್ಲಸ್ಟರ್. ಮೂಲದ ಬೆಲೆ 3, ಅಂದರೆ ಒಮ್ಮೆಗೆ ಎಂಟು ಪುಟ ಓದುತ್ತದೆ. ತಲೆ ಓಡಾಡುವ ಡಿಸ್ಕಿಗೆ ಅದು ಸರಿ, ಝಡ್‌ರ್ಯಾಮಿಗೆ ಬರೀ ದಂಡ. ಸೊನ್ನೆ ಮಾಡಿದೆ. ಹಳೆಯ ಟ್ಯಾಬ್ ಒಂದು ಸೆಕೆಂಡಿನೊಳಗೆ ತೆರೆಯತೊಡಗಿತು, ‘ಫುಲ್’ 5 ದಾಟಿದ್ದು ಅಪರೂಪ.

ತೊಂದರೆ ಕಂಡದ್ದು ದುರಾಸೆಗೆ ಬಿದ್ದಾಗ. ಝಡ್‌ರ್ಯಾಮ್ ತುಂಬಿದರೆ ಇರಲಿ ಎಂದು ಹಿಂದೆ ಹಳೆಯ ಸ್ವಾಪ್ ಕಡತವನ್ನೂ ಕಡಿಮೆ ಆದ್ಯತೆಯಲ್ಲಿ ಇಟ್ಟೆ. ಮೊದಲು ಹೊರಬಿದ್ದ ತಣ್ಣಗಿನ ಪುಟಗಳು ವೇಗದ ಝಡ್‌ರ್ಯಾಮಿನಲ್ಲಿ ಜಾಗ ಹಿಡಿದು ಕೂತವು, ಏಳಲೇ ಇಲ್ಲ. ಸಂಜೆ ಹೊರಬಿದ್ದ ಬಿಸಿ ಪುಟಗಳಿಗೆ ಸಿಕ್ಕಿದ್ದು ಡಿಸ್ಕು. ತದ್ವಿರುದ್ಧ ಆಗಬೇಕಿತ್ತು.

ಝಡ್‌ಸ್ವಾಪ್ ಸರಿಪಡಿಸುವುದು ಇದನ್ನೇ. 2013ರ 3.11 ಕರ್ನಲ್ಲಿನಿಂದ ಇದೆ, ಆದರೂ ಝಡ್‌ರ್ಯಾಮಿನಷ್ಟು ಹೆಸರು ಮಾಡಿಲ್ಲ. ಇದು ಸ್ವತಃ ಸ್ವಾಪ್ ಅಲ್ಲ, ಡಿಸ್ಕ್ ಸ್ವಾಪಿನ ಮುಂದೆ ನಿಲ್ಲುವ ಕುಗ್ಗಿಸಿದ ಕಣಜ. ಮೂಲದಲ್ಲಿ ರ್ಯಾಮಿನ ಶೇಕಡಾ 20 ಮೀರುವುದಿಲ್ಲ. ತುಂಬಿದಾಗ ಬಹಳ ದಿನ ಮುಟ್ಟದ ಪುಟವನ್ನು ಡಿಸ್ಕಿಗೆ ದಾಟಿಸಿ ಹೊಸದಕ್ಕೆ ಜಾಗ ಮಾಡುತ್ತದೆ. ಹಿಂದೆ ನಿಜವಾದ ಡಿಸ್ಕ್ ಸ್ವಾಪ್ ಇರುವುದರಿಂದ ಹೈಬರ್ನೇಟ್ (ರ್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ನಿಲ್ಲಿಸುವುದು) ಕೂಡ ಮಾಡಬಹುದು. ಬರೀ ಝಡ್‌ರ್ಯಾಮಿನಲ್ಲಿ ಅದು ಆಗದ ಮಾತು, ಕರೆಂಟು ಹೋದರೆ ರ್ಯಾಮಿನಲ್ಲಿದ್ದದ್ದು ಹೋಯಿತು.

ಇದನ್ನು ಮೊದಲ ಸಲ ಪರೀಕ್ಷಿಸಿದಾಗ ಎರಡು ದಿನ ವ್ಯರ್ಥ ಮಾಡಿದೆ. ಮನೆಯಲ್ಲಿ ಎಸ್‌ಎಸ್‌ಡಿ ಇರುವ ಇನ್ನೊಂದು 4 ಜಿಬಿ ಯಂತ್ರವಿದೆ. ಅದರಲ್ಲಿ ಝಡ್‌ರ್ಯಾಮ್ ಹಾಕಿದ್ದೆ, ಅಂಕಿಗಳು ವಿಚಿತ್ರವಾಗಿದ್ದವು. ಸ್ವಾಪ್ ಬಳಕೆ 1 ಜಿಬಿ ಎನ್ನುತ್ತದೆ, ಝಡ್‌ರ್ಯಾಮಿನೊಳಗೆ ನೋಡಿದರೆ ಏನೂ ಇಲ್ಲ. ಅಲ್ಲಿನ ಕರ್ನಲ್ ಝಡ್‌ಸ್ವಾಪನ್ನು ಮೊದಲೇ ಚಾಲೂ ಇಟ್ಟುಕೊಂಡು ಬಂದಿತ್ತು. ಝಡ್‌ರ್ಯಾಮಿಗೆ ಹೊರಟ ಪುಟಗಳನ್ನೆಲ್ಲ ಬಾಗಿಲಲ್ಲೇ ತಡೆದು ತನ್ನ ಕಣಜಕ್ಕೆ ತುಂಬಿಕೊಳ್ಳುತ್ತಿತ್ತು. ಎರಡನ್ನೂ ಒಟ್ಟಿಗೆ ಇಡಬೇಡಿ. ಝಡ್‌ಸ್ವಾಪ್ ಮಾಡ್ಯೂಲಿನ ‘ಎನೇಬಲ್ಡ್’ ಕಡತದಲ್ಲಿ ವೈ ಇದೆಯೋ ಎನ್ ಇದೆಯೋ ಎಂದು ನೋಡಿಯೇ ಮುಂದಿನ ಹೆಜ್ಜೆ.

ಎಸ್‌ಎಸ್‌ಡಿ ಯಂತ್ರದಲ್ಲಿ ಝಡ್‌ಸ್ವಾಪ್ ಗೆದ್ದಿತು, ಅನುಮಾನವೇ ಇಲ್ಲ. ಮಧ್ಯಾಹ್ನದವರೆಗೆ ಎರಡೂ ಸಮ. ಸಂಜೆ, ಟ್ಯಾಬುಗಳು ಇಪ್ಪತ್ತು ದಾಟಿದ ಮೇಲೆ, ಝಡ್‌ರ್ಯಾಮ್ ತುಂಬಿ ಏದುಸಿರು ಬಿಡುವಾಗ ಝಡ್‌ಸ್ವಾಪ್ ಹಳೆಯದನ್ನು ಸದ್ದಿಲ್ಲದೆ ಎಸ್‌ಎಸ್‌ಡಿಗೆ ಸಾಗಿಸಿ ಆರಾಮವಾಗಿತ್ತು. ಹಾರ್ಡ್ ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ಫಲಿತಾಂಶ ಉಲ್ಟಾ. ಕಣಜ ತುಂಬುವವರೆಗೆ ಚೆನ್ನ, ತುಂಬಿ ಡಿಸ್ಕಿಗೆ ಬರೆಯತೊಡಗಿದ ಮೇಲೆ ಹಳೆಯ ತೆವಳಾಟವೇ. ಅಲ್ಲಿಗೆ ಬರೀ ಝಡ್‌ರ್ಯಾಮ್, ಹಿಂದೆ ಬೇರೇನೂ ಇಲ್ಲದೆ, ವಾಸಿ. ತುಂಬಿದರೆ ತುಂಬಿತು, ಒಂದು ಟ್ಯಾಬ್ ಮುಚ್ಚುತ್ತೇನೆ.

ಮುಚ್ಚಲು ನಾನು ಮರೆತರೆ? ಅದಕ್ಕೆ ಅರ್ಲಿಊಮ್ ಇದೆ. ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಕರ್ನಲ್ಲಿನ ಸ್ವಂತ ಊಮ್ ಕಿಲ್ಲರ್ ಬರುವಷ್ಟರಲ್ಲಿ ಯಂತ್ರ ಹತ್ತು ನಿಮಿಷ ನರಳಿರುತ್ತದೆ. ಅರ್ಲಿಊಮ್ ಲಭ್ಯ ಮೆಮೊರಿ ಮತ್ತು ಖಾಲಿ ಸ್ವಾಪ್ ಎರಡೂ ಶೇಕಡಾ 10ಕ್ಕಿಂತ ಕೆಳಗಿಳಿದ ಕೂಡಲೇ ದೊಡ್ಡ ಪ್ರೊಸೆಸ್ ಒಂದಕ್ಕೆ ಮರ್ಯಾದೆಯಿಂದ ಹೊರಡು ಎನ್ನುತ್ತದೆ, 5ಕ್ಕೆ ಇಳಿದರೆ ಕತ್ತು ಹಿಡಿದು ದಬ್ಬುತ್ತದೆ. ಇದೇ ಕೆಲಸ ಮಾಡುವ ಸಿಸ್ಟಮ್‌ಡಿ-ಊಮ್‌ಡಿಯನ್ನೂ ನೋಡಿದೆ. ಅದು ಒಂದು ಪ್ರೊಸೆಸ್ ಅಲ್ಲ, ಇಡೀ ಸಿಗ್ರೂಪನ್ನೇ, ಅಂದರೆ ಪ್ರೊಸೆಸ್‌ಗಳ ಗುಂಪನ್ನೇ, ಕೊಲ್ಲುತ್ತದೆ. ನನ್ನ ಹಗುರ ಡೆಸ್ಕ್‌ಟಾಪಿನಲ್ಲಿ ಎಲ್ಲ ಪ್ರೋಗ್ರಾಮುಗಳೂ ಒಂದೇ ಸೆಷನ್ ಗುಂಪಿನಲ್ಲಿ ಓಡುತ್ತಿದ್ದವು, ಹಾಗಾಗಿ ಕೊಲ್ಲುವ ಸರದಿ ಬಂದರೆ ನಾನೇ ಲಾಗೌಟ್. ಅರ್ಲಿಊಮ್‌ಗೆ ಎಕ್ಸ್‌ಆರ್ಗ್ ಮುಟ್ಟಬೇಡ, ಬ್ರೌಸರಿನ ಟ್ಯಾಬ್ ಪ್ರೊಸೆಸ್ ಮೊದಲು ನೋಡು ಎಂದು ಹೇಳಿಟ್ಟಿದ್ದೇನೆ.

ಈಗ ಎರಡೂ ಯಂತ್ರದಲ್ಲಿ ಮತ್ತೆ ಎಕ್ಸ್‌ಎಫ್‌ಸಿಇಯೇ ಇದೆ. ಹಾರ್ಡ್ ಡಿಸ್ಕಿನದರಲ್ಲಿ ಝಡ್‌ರ್ಯಾಮ್ ಮತ್ತು ಅರ್ಲಿಊಮ್, ಎಸ್‌ಎಸ್‌ಡಿಯದರಲ್ಲಿ ಝಡ್‌ಸ್ವಾಪ್ ಮತ್ತು 6 ಜಿಬಿ ಸ್ವಾಪ್ ಕಡತ. ಆ ಗ್ರಾಫ್ ಆಪ್ಲೆಟ್ ಇದ್ದ ಜಾಗ ಪ್ಯಾನೆಲ್ಲಿನಲ್ಲಿ ಖಾಲಿಯಿದೆ, ಅಲ್ಲಿಗೆ ಏನನ್ನೂ ಹಾಕಿಲ್ಲ.