ಹಾವಿನ ಪೆಟ್ಟಿಗೆಗೆ ಹೀಟ್ ಮ್ಯಾಟ್: ಮಂಗಳೂರಿಗೆ ಬೇಕಾ?

ಬಾಲ್ ಪೈಥಾನ್ (ಆಫ್ರಿಕಾ ಮೂಲದ ಚಿಕ್ಕ ಹೆಬ್ಬಾವು) ಸಾಕುವುದಕ್ಕೆ ಅಂತ ಕಂಕನಾಡಿ ಕಡೆಯ ಒಂದು ಅಂಗಡಿಯಲ್ಲಿ ತಗೊಂಡ ಹೀಟ್ ಮ್ಯಾಟ್, ಅಂದರೆ ಪೆಟ್ಟಿಗೆ ಬೆಚ್ಚಗಿಡುವ ಕರೆಂಟಿನ ಹಾಸು ಇದು. ಮ್ಯಾಟ್ ಚೆನ್ನಾಗಿದೆ, ಆದರೆ ಜೊತೆಗೆ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೊಡುವುದಿಲ್ಲ. ಅದಿಲ್ಲದೆ ಹಾಕಲೇಬೇಡಿ, ಬಿಸಿ ಏರಿ ಹಾವಿನ ಹೊಟ್ಟೆ ಸುಟ್ಟೀತು. ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು ಇದ್ದರೆ ಸಾಕು. ನಮ್ಮ ಮೇ ತಿಂಗಳ ಸೆಕೆಗೆ ಮ್ಯಾಟ್ ಆನ್ ಆಗುವುದೇ ಕಮ್ಮಿ, ಆಟಿ (ಜುಲೈ–ಆಗಸ್ಟ್) ಮಳೆಗೆ ಮಾತ್ರ ಬೇಕೇ ಬೇಕು. ಪೆಟ್ಟಿಗೆಯೊಳಗೆ ತೇವ ಇರಲಿ, ದಿನಾ ನೀರು ಸ್ಪ್ರೇ ಮಾಡಿ ಅಂದರು ಅಂಗಡಿಯವರು. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರಲ್ಲಿ ಸ್ಪ್ರೇ ಯಾಕೆ ಮಾರಾಯ್ರೆ? ಗಾಳಿಯಾಡದಿದ್ದರೆ ಫಂಗಸ್ ಗ್ಯಾರಂಟಿ.

ಹಿತ್ತಲಿನ ಕೇರೆ, ಹೆಬ್ಬಾವು ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನ್‌ಗೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಮ್ಯಾಟ್‌ಗೆ ಐದಕ್ಕೆ ಮೂರು ಸ್ಟಾರ್.