ಹದಿನಾಲ್ಕು ತಿಂಗಳ ಚೂರ್ಣ ಸೇವನೆ: ಸಿಹಿಯೇ ಮುಳುವಾಯಿತು

ಬಿಪಿಗೆಂದು ಗಿಡಮೂಲಿಕೆ ಚೂರ್ಣವೊಂದನ್ನು ಹದಿನಾಲ್ಕು ತಿಂಗಳು ಬಿಡದೆ ತೆಗೆದುಕೊಂಡೆ. ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ, ಬಿಸಿನೀರಿನಲ್ಲಿ. ಉಪ್ಪು ಮತ್ತು ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಬಿಪಿ ಮಾತ್ರೆಯೂ ಜೊತೆಗೇ ನಡೆದಿತ್ತು. ಚೂರ್ಣದ ವಿಷಯವನ್ನು ವೈದ್ಯರಿಗೆ ಹೇಳಿರಲಿಲ್ಲ. ಗಿಡಮೂಲಿಕೆ ತಾನೇ ಎಂಬ ಅಸಡ್ಡೆ.

ರುಚಿಗೆ ಪೂರ್ಣ ಅಂಕ. ಇಂಥ ಪುಡಿಗಳೆಂದರೆ ಕಹಿ, ಇಲ್ಲವೇ ಒಗರು. ಇದು ಹಿತವಾಗಿ ಸಿಹಿ. ಸಕ್ಕರೆ ಸೇರಿಸಿಲ್ಲವೆಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಹಾಗಾದರೆ ಸಿಹಿ ಎಲ್ಲಿಂದ ಬಂತೆಂದು ಅಂದೇ ಕೇಳಬೇಕಿತ್ತು.

ಶುರುವಿನಲ್ಲಿ 138/86ರ ಆಸುಪಾಸಿನಲ್ಲಿದ್ದ ಬಿಪಿ ಒಂಬತ್ತನೇ ತಿಂಗಳಿಗೆ 150 ದಾಟಿತು. ಆಗ ನಾನು ತೋರಿದ ಜಾಣತನವೆಂದರೆ ಚೂರ್ಣವನ್ನು ಅರ್ಧ ಚಮಚ ಹೆಚ್ಚಿಸಿದ್ದು! ಆಮೇಲೆ ಸಂಜೆಯಾದರೆ ಪಾದಗಳಲ್ಲಿ ಊತ, ರಾತ್ರಿ ಮೀನಖಂಡದಲ್ಲಿ ಸೆಳೆತ, ಮೆಟ್ಟಿಲು ಹತ್ತಿದರೆ ಸುಸ್ತು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.0, ಕನಿಷ್ಠ 3.5 ಇರಬೇಕು. ಖಾಲಿ ಹೊಟ್ಟೆಯ ಸಕ್ಕರೆ 96ರಿಂದ 111ಕ್ಕೆ ಏರಿತ್ತು.

ವೈದ್ಯರು ಡಬ್ಬಿ ತರಿಸಿ ನೋಡಿದರು. ಪಟ್ಟಿಯ ಮೂರನೇ ಹೆಸರು ಯಷ್ಟಿಮಧು, ಅಂದರೆ ಅತಿಮಧುರ. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಸಿಹಿ ಅಂಶ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಹಾಗೆ ಉಳಿದ ಕಾರ್ಟಿಸಾಲ್ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರಗೆ ತಳ್ಳುತ್ತದೆ, ಬಿಪಿ ಏರುತ್ತದೆ. ನನ್ನ ಮಾತ್ರೆಯೂ ಪೊಟ್ಯಾಸಿಯಂ ಕಳೆಯುವಂಥದ್ದೇ ಆದ್ದರಿಂದ ಎರಡೂ ಸೇರಿ ಬುಡ ಅಲ್ಲಾಡಿಸಿದವು. ಪೊಟ್ಯಾಸಿಯಂ ತಗ್ಗಿದರೆ ಇನ್ಸುಲಿನ್ ಸ್ರವಿಸುವುದೂ ಮಂದವಾಗುತ್ತದೆಯಂತೆ. ಸಕ್ಕರೆಯೇ ಇಲ್ಲದ ಪುಡಿಯಿಂದ ರಕ್ತದ ಸಕ್ಕರೆ ಏರಬಹುದೆಂದು ಯಾರು ಊಹಿಸಿಯಾರು?

ಚೂರ್ಣ ನಿಲ್ಲಿಸಿ ಏಳು ವಾರಗಳಲ್ಲಿ ಊತ, ಸೆಳೆತ ಹೋದವು. ಪೊಟ್ಯಾಸಿಯಂ 4.1, ಬಿಪಿ ಮತ್ತೆ 136/84. ಸಕ್ಕರೆ 100ಕ್ಕೆ ಬಂದು ನಿಂತಿದೆ.

ಈಗ ವೈದ್ಯರಿಗೆ ತಿಳಿಸಿಯೇ ಕೆಂಪು ಪುಂಡಿ ಹೂವಿನ ಪುಷ್ಪಪಾತ್ರೆಯ (ಹೂವಿನ ಬುಡವನ್ನು ಸುತ್ತಿರುವ ದಪ್ಪ ಕೆಂಪು ದಳಗಳು) ಕಷಾಯವನ್ನು ದಿನಕ್ಕೆ ಎರಡು ಲೋಟ ಕುಡಿಯುತ್ತೇನೆ. ಹುಳಿ, ಬೇರೇನೂ ಬೆರೆತಿಲ್ಲ. ಬಿಪಿ ನಾಲ್ಕೈದು ಅಂಕ ಇಳಿದಿದೆ. ಅದು ಕಷಾಯದ್ದೋ ಬೆಳಗಿನ ನಡಿಗೆಯದ್ದೋ ಬೇರ್ಪಡಿಸಿ ಹೇಳಲಾರೆ. ಮಾತ್ರೆಯನ್ನಂತೂ ಬಿಟ್ಟಿಲ್ಲ.

ಚೂರ್ಣಕ್ಕೆ ಐದರಲ್ಲಿ ಒಂದು ಅಂಕ. ಮೂಲಿಕೆಗಳ ಹೆಸರುಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿದ್ದಾರೆ, ಅದಕ್ಕೆ ಆ ಒಂದು. ಯಾವುದು ಎಷ್ಟು ಗ್ರಾಂ ಎಂದು ಡಬ್ಬಿಯ ಯಾವ ಮೂಲೆಯಲ್ಲೂ ಇಲ್ಲ.