ಬಯಾಲಜಿ ಟ್ಯೂಷನ್: ಮೂವರನ್ನು ನೋಡಿದ ಮೇಲೆ ನನ್ನ ವೋಟು ರಿಟೈರ್ಡ್ ಟೀಚರ್‌ಗೆ

ಮಗಳ ಬಯಾಲಜಿಗೆ ಟ್ಯೂಷನ್ ಬೇಕಾಗಿತ್ತು. ಆನ್‌ಲೈನ್ ಕಂಪನಿಯೊಂದು ಕೊಟ್ಟ ಟ್ಯೂಟರ್, ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಒಬ್ಬ ಹುಡುಗ, ಶಾಲೆಯಿಂದ ನಿವೃತ್ತರಾದ ಒಬ್ಬ ಟೀಚರ್, ಹೀಗೆ ಮೂವರನ್ನೂ ದುಡ್ಡು ಕೊಟ್ಟೇ ನೋಡಿದ್ದಾಯಿತು. ಕೊನೆಗೆ ಉಳಿದುಕೊಂಡವರು ಟೀಚರ್. ಕಂಪನಿಗೆ ಮುಂಗಡ ಕಟ್ಟಿದ ದುಡ್ಡಿನಲ್ಲಿ ಒಂದು ಪಾಲು ವಾಪಸ್ ಬರಲೇ ಇಲ್ಲ. ಆ ಸಿಟ್ಟು ಅಲ್ಲಲ್ಲಿ ಇಣುಕಿದರೆ ಸಹಿಸಿಕೊಳ್ಳಿ.

ಮಗಳು ಎಂಥವಳು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ತೀರ್ಮಾನ ನಿಂತಿರುವುದೇ ಅದರ ಮೇಲೆ. ಅವಳು ಓದುತ್ತಾಳೆ. ಆದರೆ ಬಯಾಲಜಿ ಅಂದರೆ ಬಾಯಿಪಾಠ ಅಂತ ನಂಬಿದ್ದಾಳೆ. ವರ್ಣತಂತು (ಕ್ರೋಮೋಸೋಮ್) ಅಂದರೇನು, ಕ್ರೊಮ್ಯಾಟಿಡ್ (ವರ್ಣತಂತು ಇಮ್ಮಡಿಯಾದಾಗ ಅದರ ಒಂದೊಂದು ಎಳೆ) ಅಂದರೇನು ಅಂತ ಕೇಳಿದರೆ ಪುಸ್ತಕದ ಸಾಲು ಒಪ್ಪಿಸುತ್ತಾಳೆ. ಒಂದು ಚಿತ್ರ ತೋರಿಸಿ, ಇದರಲ್ಲಿ ಎಷ್ಟು ವರ್ಣತಂತು, ಎಷ್ಟು ಕ್ರೊಮ್ಯಾಟಿಡ್ ಎಣಿಸು ಅಂದರೆ ಮಾತ್ರ ತಡವರಿಸುತ್ತಾಳೆ. ಡೌಟ್ ಬಂದರೂ ಬಾಯಿಬಿಟ್ಟು ಕೇಳುವುದಿಲ್ಲ. ಅರ್ಥ ಆಯ್ತಾ ಅಂದರೆ ಆಯ್ತು ಅಂತಾಳೆ, ಆಗಿರಲ್ಲ.

ಮೂವರಿಗೂ ಡೆಮೊ ಕ್ಲಾಸಿನಲ್ಲಿ ಒಂದೇ ಪ್ರಶ್ನೆಯನ್ನು ಮಗಳ ಕೈಯಲ್ಲಿ ಕೇಳಿಸಿದೆ. ಸಣ್ಣ ಬೀಜ ದೊಡ್ಡ ಮರ ಆಗುತ್ತದಲ್ಲ, ಅಷ್ಟು ತೂಕ ಎಲ್ಲಿಂದ ಬಂತು? ಬಹಳ ಮಕ್ಕಳು ಮಣ್ಣಿನಿಂದ ಅನ್ನುತ್ತಾರೆ. ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಗೆ ಬರುವವರೂ ಹಾಗೇ ಅನ್ನುತ್ತಾರೆ. ಮರದ ಒಣ ತೂಕದ ಬಹುಪಾಲು ಬರುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ. ಟ್ಯೂಟರ್‌ಗೆ ಇದು ಗೊತ್ತೋ ಇಲ್ಲವೋ ನೋಡುವುದು ನನ್ನ ಉದ್ದೇಶ ಆಗಿರಲಿಲ್ಲ. ಉತ್ತರ ತಾವೇ ಹೇಳಿಬಿಡುತ್ತಾರಾ, ಅವಳ ಬಾಯಿಂದ ಹೊರಡಿಸುತ್ತಾರಾ ಅನ್ನುವುದಷ್ಟೇ ಬೇಕಿತ್ತು.

ಕಂಪನಿಯ ಟ್ಯೂಟರ್ ಒಂದೇ ಉಸಿರಿನಲ್ಲಿ ಸರಿಯಾದ ಉತ್ತರ ಹೇಳಿ ಮುಂದಿನ ಸ್ಲೈಡ್‌ಗೆ ಹೋದರು. ಪಿಎಚ್‌ಡಿ ಹುಡುಗ ಕಣ್ಣರಳಿಸಿ ವಾನ್ ಹೆಲ್ಮಾಂಟ್ ಅನ್ನುವ ಹಳೇ ಕಾಲದ ವಿಜ್ಞಾನಿಯ ಕತೆ ಶುರು ಮಾಡಿದ. ತೂಕ ಮಾಡಿದ ಒಣ ಮಣ್ಣಿನಲ್ಲಿ ವಿಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ್ದು, ಸುಮಾರು ಎರಡೂಕಾಲು ಕೆಜಿಯ ಗಿಡ 77 ಕೆಜಿಯಷ್ಟಾದರೂ ಮಣ್ಣು ಕಳೆದುಕೊಂಡದ್ದು 60 ಗ್ರಾಂ ಕೂಡ ಇಲ್ಲದ್ದು, ಅದನ್ನು ನೋಡಿ ಆತ ತೂಕವೆಲ್ಲ ನೀರಿನಿಂದಲೇ ಬಂತು ಅಂದುಕೊಂಡದ್ದು, ಅದು ಆತ ಸತ್ತ ಮೇಲೆ, 1648ರಲ್ಲಿ ಪ್ರಕಟವಾದದ್ದು. ನನಗಂತೂ ಮಜಾ ಬಂತು. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು, ಒಂದು ಮಾತೂ ಆಡಲಿಲ್ಲ. ಟೀಚರ್ ಮಾತ್ರ, "ನಿಂಗೇನನ್ಸತ್ತೆ, ಮೊದ್ಲು ಅದು ಹೇಳಮ್ಮ" ಅಂದರು. ಮಣ್ಣು ಅಂದಳು. "ಹಾಗಾದ್ರೆ ಕುಂಡದಲ್ಲಿ ಗಿಡ ಬೆಳೆದ ಹಾಗೆ ಮಣ್ಣು ಖಾಲಿ ಆಗ್ಬೇಕಲ್ಲ?" ಅಂತ ಕೇಳಿ ಸುಮ್ಮನೆ ಕೂತರು. ಆ ಮೌನ ನನಗೇ ತಡೆಯಲಾಗದಷ್ಟು ಉದ್ದ ಇತ್ತು. ಆಮೇಲೆ ಮಗಳೇ "ಗಾಳಿನಾ?" ಅಂದಳು.

ಆದರೂ ಮೊದಲು ದುಡ್ಡು ಕಟ್ಟಿದ್ದು ಕಂಪನಿಗೆ. ಮನೆಯಲ್ಲೇ ಕೂತು ಕಲಿಯಬಹುದು, ಓಡಾಟ ಇಲ್ಲ, ಕ್ಲಾಸು ರೆಕಾರ್ಡ್ ಆಗುತ್ತದೆ, ಬೇಕಾದ ಹೊತ್ತಿಗೆ ಸ್ಲಾಟ್ ಸಿಗುತ್ತದೆ. ಇವೆಲ್ಲ ನಿಜವಾದ ಅನುಕೂಲಗಳೇ. ಟ್ಯೂಟರ್ ಪರಿಚಯದಲ್ಲಿ 'ಸೈನ್ಸ್ ಎಕ್ಸ್‌ಪರ್ಟ್' ಅಂತಷ್ಟೇ ಇತ್ತು. ಬಿಡದೆ ಕೇಳಿದಾಗ ಗೊತ್ತಾಯಿತು, ಓದಿದ್ದು ಕೆಮಿಸ್ಟ್ರಿ. ಬದಲಾಯಿಸಿ ಕೊಟ್ಟರು, ಅದಕ್ಕೆ ಗೊಣಗಲಿಲ್ಲ. ಎರಡನೆಯವರಿಗೆ ಬಯಾಲಜಿ ಚೆನ್ನಾಗಿಯೇ ಗೊತ್ತಿತ್ತು.

ತಲೆನೋವು ಶುರುವಾದದ್ದು ಹೃದಯದ ಚಿತ್ರದಿಂದ. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಕ್ಕಿರುತ್ತದೆ, ಯಾಕೆಂದರೆ ಎದುರಿಗೆ ನಿಂತಿರುವ ಮನುಷ್ಯನ ಹೃದಯ ಅದು. ಇದೇ ಮಕ್ಕಳಿಗೆ ಗೊಂದಲ. ಅದರ ಮೇಲೆ ಲ್ಯಾಪ್‌ಟಾಪ್ ಕ್ಯಾಮೆರಾ ಸೇರಿಕೊಂಡಿತು. ಮಗಳು ಬರೆದ ಚಿತ್ರವನ್ನು ಕ್ಯಾಮೆರಾಗೆ ಹಿಡಿದರೆ, ಅವಳ ಸ್ಕ್ರೀನಿನಲ್ಲಿ ಅದು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕಾಣುತ್ತದೆ. ಟ್ಯೂಟರ್‌ಗೆ ನೆಟ್ಟಗೆ ಕಾಣುತ್ತದೆ. ಅವರು "ಬಲ ಹೃತ್ಕುಕ್ಷಿ (ಹೃದಯದ ಕೆಳಗಿನ ಕೋಣೆ) ತೋರಿಸು" ಅಂದರೆ ಇವಳು ಸ್ಕ್ರೀನ್ ನೋಡಿಕೊಂಡು ಬೆರಳಿಡುತ್ತಾಳೆ. ಅವರು ಅಲ್ಲ, ಆ ಕಡೆ ಅನ್ನುತ್ತಾರೆ. ಯಾವ ಕಡೆ? ಪುಟದ ಎಡವಾ, ಹೃದಯದ ಎಡವಾ, ಸ್ಕ್ರೀನಿನ ಎಡವಾ?

ಒಂದು ಪೂರ್ತಿ ಕ್ಲಾಸು ಇದರಲ್ಲೇ ಹೋಯಿತು. ಮಜಾ ಏನೆಂದರೆ ತ್ರಿದಳ ಕವಾಟ ಬಲಕ್ಕೆ, ದ್ವಿದಳ ಎಡಕ್ಕೆ ಅಂತ ಅವಳಿಗೆ ಮೊದಲಿನಿಂದಲೂ ಬಾಯಿಪಾಠ ಇತ್ತು. ಕ್ಲಾಸ್ ಮುಗಿಯುವ ಹೊತ್ತಿಗೆ ಅದೂ ಅಲುಗಾಡಿತ್ತು. ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ, ಇಡೀ ಮೈಗೆ ರಕ್ತ ನೂಕಬೇಕಲ್ಲ ಅನ್ನುವ ಮುಖ್ಯವಾದ ಮಾತಿಗೆ ಸಮಯವೇ ಉಳಿಯಲಿಲ್ಲ. ಆ ಒಂದು ಕಾರಣ ಗೊತ್ತಿದ್ದರೆ ಸಾಕು, ದಪ್ಪ ಗೋಡೆ ನೋಡಿಯೇ ಎಡ ಯಾವುದು ಅಂತ ಹೇಳಬಹುದು. ಚಿತ್ರ ತಿರುಗಿದ್ದರೂ ಪರವಾಗಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಮಿರರ್ ಆಫ್ ಮಾಡಬಹುದಲ್ಲ ಅಂತೀರಿ. ಎಷ್ಟೋ ವಿಡಿಯೋ ಕಾಲ್ ಆ್ಯಪ್‌ಗಳಲ್ಲಿ ಮಾಡಬಹುದು. ಈ ಕಂಪನಿಯದು ತನ್ನದೇ ಆ್ಯಪ್, ಅದರಲ್ಲಿ ಆ ಆಯ್ಕೆಯೇ ಸಿಗಲಿಲ್ಲ. ಫೋಟೋ ತೆಗೆದು ಚಾಟ್‌ನಲ್ಲಿ ಹಾಕಿ ಅಂದರು. ಹಾಕಿದೆವು. ಕ್ಲಾಸ್ ಮುಗಿದ ಕೂಡಲೇ ಚಾಟ್ ಅಳಿಸಿಹೋಗುತ್ತದೆ, ಅವರು ತಿದ್ದಿದ ಗುರುತೂ ಅದರ ಜೊತೆಗೆ. ರೆಕಾರ್ಡಿಂಗ್‌ನಲ್ಲಿ ಉಳಿಯುವುದು ಅವರ ಸ್ಲೈಡು, ಅವರ ಮುಖ. ಮಗಳ ಕೈಬರಹದ ಚಿತ್ರ ಎಲ್ಲೂ ಇಲ್ಲ. ಮುಂದಿನ ವಾರ ಹೊಸ ಚಿತ್ರ, ಮತ್ತೆ ಅದೇ ತಪ್ಪು. ಬಯಾಲಜಿಯಲ್ಲಿ ಕೈಯಿಂದ ಬರೆದ ಚಿತ್ರವೇ ಅರ್ಧ ಉತ್ತರ. ನೆಫ್ರಾನ್ (ಮೂತ್ರಪಿಂಡದ ಸೋಸುನಳಿಕೆ), ಹೂವಿನ ಸೀಳುನೋಟ, ಕೋಶ ವಿಭಜನೆಯ ಹಂತಗಳು, ಎಲ್ಲದಕ್ಕೂ ಗುರುತಿನ ಗೆರೆ ಸರಿಯಾದ ಜಾಗ ಮುಟ್ಟಿದೆಯಾ ಅಂತ ಹತ್ತಿರದಿಂದ ನೋಡುವವರು ಬೇಕು. ಇದನ್ನು ಗ್ರಾಹಕ ಸೇವೆಯವರಿಗೆ ವಿವರಿಸಲು ಹೋದರೆ ಆ ಕಡೆಯಿಂದ "ನಿಮ್ಮ ಇಂಟರ್‌ನೆಟ್ ವೇಗ ಎಷ್ಟಿದೆ ಮೇಡಂ?" ಅನ್ನುವ ಪ್ರಶ್ನೆ. ನಿಲ್ಲಿಸುತ್ತೇವೆ ಅಂದಾಗ ಪ್ಯಾಕೇಜ್ ನಿಯಮ ತೋರಿಸಿದರು.

ಪಿಎಚ್‌ಡಿ ಹುಡುಗನ ವಿಷಯ ಬೇರೆ. ಅವನಷ್ಟು ವಿಷಯ ತಿಳಿದವರು ಮೂವರಲ್ಲಿ ಇನ್ನೊಬ್ಬರಿಲ್ಲ. ಅವನು ಬಂದ ದಿನ ನಾನೂ ಅಡುಗೆಮನೆಯಿಂದ ಕಿವಿಗೊಡುತ್ತಿದ್ದೆ. ಮನುಷ್ಯನ ವರ್ಣತಂತುಗಳು 48 ಅಂತಲೇ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು, 1956ರಲ್ಲಿ ಚಿಯೊ ಮತ್ತು ಲೆವಾನ್ ಅನ್ನುವ ವಿಜ್ಞಾನಿಗಳು ಸರಿಯಾಗಿ ಎಣಿಸಿ 46 ಅಂದರು ಅಂತ ನನಗೆ ಗೊತ್ತಾದದ್ದು ಅವನಿಂದ. ಇಂಥ ಮಾತು ಕೇಳಿದ ಮೇಲೆ ಪುಸ್ತಕದ ಅಂಕಿ ಬರೀ ಅಂಕಿಯಾಗಿ ಉಳಿಯುವುದಿಲ್ಲ.

ತೊಡಕು ಬಂದದ್ದು ಎಟಿಪಿ, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಅಣುವಿನ ಲೆಕ್ಕದಲ್ಲಿ. ಒಂದು ಗ್ಲೂಕೋಸ್ ಪೂರ್ತಿ ಉರಿದರೆ ಎಷ್ಟು ಎಟಿಪಿ? ಮಗಳ ಪುಸ್ತಕದಲ್ಲಿ 38. ಇವನು 30ರಿಂದ 32 ಅಂತ ಹೇಳಿಕೊಟ್ಟ. ಅವನು ಹೇಳಿದ್ದೇ ಈಗಿನ ಲೆಕ್ಕ. ಶಕ್ತಿ ಹೊತ್ತೊಯ್ಯುವ ಎರಡು ಬಗೆಯ ಅಣುಗಳಿವೆ; ಹಳೆಯ ಲೆಕ್ಕದಲ್ಲಿ ಒಂದು ಎನ್‌ಎಡಿಎಚ್‌ಗೆ 3, ಒಂದು ಎಫ್‌ಎಡಿಎಚ್2ಗೆ 2 ಎಟಿಪಿ ಹಿಡಿಯುತ್ತಿದ್ದರು. ಈಗ ಸುಮಾರು 2.5 ಮತ್ತು 1.5 ಹಿಡಿಯುತ್ತಾರೆ, ಒಟ್ಟು ಇಳಿಯುತ್ತದೆ. ಮಗಳು ಟೆಸ್ಟಿನಲ್ಲಿ 32 ಬರೆದಳು, ಮಾರ್ಕ್ಸ್ ಹೋಯಿತು. ಹುಡುಗ "ಪುಸ್ತಕವೇ ಹಳೇದು ಆಂಟಿ" ಅಂತ ನಕ್ಕ. ನಿಜವೇ. ಆದರೆ ಮಾರ್ಕ್ಸ್ ಹಾಕುವವರು ಆ ಪುಸ್ತಕವನ್ನೇ ಇಟ್ಟುಕೊಂಡು ಕೂತಿರುತ್ತಾರೆ ಅಲ್ವಾ? ಅವನು ಸಿಲಬಸ್ ತೆರೆದು ನೋಡಿದ್ದು ನಾನು ಕಾಣೆ. ಪ್ರಯೋಗ ಶುರುವಾದರೆ ಕ್ಲಾಸು ರದ್ದು, ಕೋಶಗಳಿಗೆ ರಜೆ ಇಲ್ಲವಂತೆ. ಬರೆದ ಉತ್ತರ ತಿದ್ದುವುದು ಅವನಿಗೆ ಬೇಜಾರಿನ ಕೆಲಸ.

ಈಗ ಟೀಚರ್. ಇವರ ಮನೆಗೆ ನಾವೇ ಹೋಗಬೇಕು. ವಾರಕ್ಕೆ ಎರಡು ಕ್ಲಾಸು, ಇನ್ನೊಬ್ಬ ಹುಡುಗಿಯ ಜೊತೆ. ಮೆಸೇಜ್ ಮಾಡಿ ಡೌಟ್ ಕೇಳುವ ಹಾಗಿಲ್ಲ, ಸಂಜೆ ಆದ ಮೇಲೆ ಫೋನ್ ಎತ್ತುವುದಿಲ್ಲ. ಹೊಸ ಸಂಗತಿಗಳಲ್ಲಿ ಹಿಂದೆ ಇದ್ದಾರೆ. ವಿಟ್ಟೇಕರ್ ಅನ್ನುವ ವಿಜ್ಞಾನಿ 1969ರಲ್ಲಿ ಹೇಳಿದ ಜೀವಿಗಳ ಐದು ಸಾಮ್ರಾಜ್ಯಗಳು ಅವರಿಗೆ ಕರತಲಾಮಲಕ. 1990ರ ಮೂರು ಡೊಮೇನ್ ವಿಂಗಡಣೆ ಕೇಳಿದರೆ "ಅದು ನಿಮ್ಗೆ ಇಲ್ಲ ಬಿಡು" ಅನ್ನುತ್ತಾರೆ. ಈ ಮಾತು ನನಗೆ ಇಷ್ಟವಾಗಲಿಲ್ಲ.

ಆದರೆ ಇವರು ವರ್ಷಗಟ್ಟಲೆ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಿದವರು. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಪಾಠಕ್ಕೆ ಮೊದಲೇ ಗೊತ್ತು. ಮೊದಲ ದಿನ ಪಾಠವನ್ನೇ ಮಾಡಲಿಲ್ಲ, ಹಳೇ ಟೆಸ್ಟ್ ಪೇಪರ್ ತೆಗೆದುಕೊಂಡು ಬಾ ಅಂದರು. ನೋಡಿ, ಇವಳ ತೊಂದರೆ ಮೂರು ಅಂದರು. 'ವಿವರಿಸಿ' ಅಂದರೂ 'ಕಾರಣ ಕೊಡಿ' ಅಂದರೂ ಒಂದೇ ಥರ ಬರೆಯುತ್ತಾಳೆ. ಆಸ್ಮೋಸಿಸ್‌ನಲ್ಲಿ ನೀರು ದಾಟುವ ಪೊರೆಯ ಮಾತೇ ಎತ್ತುವುದಿಲ್ಲ. ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಅಂದುಕೊಂಡಿದ್ದಾಳೆ. ಕೊನೆಯದನ್ನು ಇಷ್ಟು ದಿನ ಯಾರೂ ಹಿಡಿದಿರಲಿಲ್ಲ. ಗಿಡ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಬೆಳಕಿರುವಾಗ ಬಿಡುವ ಆಮ್ಲಜನಕ ಜಾಸ್ತಿ, ಅದಕ್ಕೆ ಉಸಿರಾಟ ನಮಗೆ ಕಾಣುವುದಿಲ್ಲ ಅಷ್ಟೇ.

ಮಿಯೋಸಿಸ್ (ಅಂಡ, ವೀರ್ಯದಂಥ ಕೋಶಗಳಾಗುವಾಗಿನ ವಿಭಜನೆ) ಹೇಳಿಕೊಟ್ಟದ್ದು ಉಲ್ಲನ್ ದಾರದಲ್ಲಿ. ಕೆಂಪು, ಹಳದಿ ಎರಡು ಬಣ್ಣ. ಒಂದೇ ಅಳತೆಯ ಒಂದು ಕೆಂಪು, ಒಂದು ಹಳದಿ ಸೇರಿದರೆ ಒಂದು ಜೋಡಿ. ಉದ್ದದ್ದೊಂದು ಜೋಡಿ, ಗಿಡ್ಡದ್ದೊಂದು ಜೋಡಿ, ಒಟ್ಟು ನಾಲ್ಕು ವರ್ಣತಂತು. ಪ್ರತಿಯೊಂದಕ್ಕೂ ಅದೇ ಬಣ್ಣದ ಇನ್ನೊಂದು ಎಳೆ ಸೇರಿಸಿ ನಡುವೆ ಗಂಟು. "ಈಗ ವರ್ಣತಂತು ಎಷ್ಟು?" ಮಗಳು ಎಂಟು ಅಂದಳು. "ಗಂಟು ಎಣಿಸು" ಅಂದರು. ನಾಲ್ಕು! ಗಂಟು ಅಂದರೆ ಸೆಂಟ್ರೊಮಿಯರ್, ಎರಡು ಎಳೆ ಕೂಡಿರುವ ಜಾಗ. ಮೊದಲ ವಿಭಜನೆಯಲ್ಲಿ ಕೆಂಪು ಒಂದು ಕಡೆ, ಅದರ ಜೋಡಿ ಹಳದಿ ಇನ್ನೊಂದು ಕಡೆ, ಗಂಟು ಬಿಚ್ಚುವ ಹಾಗಿಲ್ಲ. ಎರಡನೆಯದರಲ್ಲಿ ಗಂಟು ಬಿಚ್ಚಬೇಕು. ಉದ್ದದ ಕೆಂಪು ಹೋದ ಕಡೆಗೇ ಗಿಡ್ಡದ ಕೆಂಪೂ ಹೋಗಬೇಕು ಅಂತೇನಿಲ್ಲ, ಹಳದಿಯೂ ಹೋಗಬಹುದು ಅಂತ ತೋರಿಸಿದಾಗ ಮೆಂಡೆಲ್‌ನ 9:3:3:1 ಅನುಪಾತ (ಎರಡು ಗುಣ ಒಟ್ಟಿಗೆ ನೋಡಿದಾಗ ಎರಡನೇ ತಲೆಮಾರಿನಲ್ಲಿ ಸಿಗುವ ಲೆಕ್ಕ) ಎಲ್ಲಿಂದ ಬಂತು ಅಂತ ಅವಳಿಗೆ ತಾನಾಗಿಯೇ ಹೊಳೆಯಿತು. ಕಂಪನಿಯ ಕ್ಲಾಸಿನಲ್ಲಿ ಇದಕ್ಕೆ ಸೊಗಸಾದ ಅನಿಮೇಷನ್ ಇತ್ತು. ನೋಡಲು ಬಹಳ ಚೆಂದ, ಆದರೆ ಅದರಲ್ಲಿ ಇವಳು ಎಂಟು ಅನ್ನುವುದಕ್ಕೆ ಜಾಗವೇ ಇರಲಿಲ್ಲ.

ಚಿತ್ರಗಳಿಗೆ ಬೇರೆಯೇ ಪುಸ್ತಕ ಇಡಿಸಿದ್ದಾರೆ. ಪಾಠದ ಪುಸ್ತಕ ಮುಚ್ಚಿ ಬರೆಯಬೇಕು, ಆಮೇಲೆ ತೆರೆದು ತಾನೇ ಕೆಂಪು ಪೆನ್ನಿನಲ್ಲಿ ತಿದ್ದಬೇಕು. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆದು ಬರೆಯುವುದು ಹೆಚ್ಚು ಕಾಲ ಉಳಿಯುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನೋವಿಜ್ಞಾನಿಗಳು 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಟೀಚರ್‌ಗೆ ಆ ಹೆಸರುಗಳು ಗೊತ್ತಿಲ್ಲ, ರೂಢಿ ಮಾತ್ರ ಹಳೇದು.

ದೊಡ್ಡ ಬ್ಯಾಚಿನ ಕೋಚಿಂಗ್ ನಾನು ಪರಿಗಣಿಸಲೇ ಇಲ್ಲ, ಡೌಟ್ ಕೇಳದ ಮಗುವಿಗೆ ಅಲ್ಲಿ ಏನು ಕೆಲಸ? ರೆಕಾರ್ಡೆಡ್ ವಿಡಿಯೋಗಳು ಪರೀಕ್ಷೆಯ ಹಿಂದಿನ ವಾರಕ್ಕೆ ಪರವಾಗಿಲ್ಲ.

ದುಡ್ಡಿನ ಲೆಕ್ಕ ಹೇಳಿದರೆ, ಗಂಟೆಗೆ ಇಷ್ಟು ಅಂತ ನೋಡಿದಾಗ ಪಿಎಚ್‌ಡಿ ಹುಡುಗ ಎಲ್ಲರಿಗಿಂತ ದುಬಾರಿ. ಕಂಪನಿಯದು ಗಂಟೆಗೆ ಕಡಿಮೆ ಅನ್ನಿಸುತ್ತದೆ, ಆದರೆ ತಿಂಗಳುಗಟ್ಟಲೆಯದನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಟೀಚರ್‌ಗೆ ತಿಂಗಳ ಕೊನೆಗೆ ಕೊಟ್ಟರಾಯಿತು, ಇಬ್ಬರಿಗೆ ಹಂಚಿಹೋಗುವುದರಿಂದ ಕೈಗೆ ಭಾರ ಇಲ್ಲ. ಇಷ್ಟವಾಗದಿದ್ದರೆ ಮುಂದಿನ ತಿಂಗಳು ಬಿಡಬಹುದು ಅನ್ನುವ ಸಮಾಧಾನಕ್ಕೇ ನಾನು ಅರ್ಧ ಮಾರ್ಕ್ಸ್ ಕೊಡುತ್ತೇನೆ. ನನಗೆ ಮುಂಗಡ ಕಟ್ಟುವುದು ಮೊದಲೇ ಆಗಿಬರುವುದಿಲ್ಲ, ಈಗಂತೂ ಇಲ್ಲವೇ ಇಲ್ಲ.

ಯಾರನ್ನೇ ಹಿಡಿಯಿರಿ, ಡಿಗ್ರಿ ಯಾವ ವಿಷಯದಲ್ಲಿ ಅಂತ ಬಾಯಿಬಿಟ್ಟು ಕೇಳಿ, ಸರ್ಟಿಫಿಕೇಟ್ ತೋರಿಸಿ ಅನ್ನಲು ನಾಚಿಕೆ ಬೇಡ. ಬಯೋಟೆಕ್ನಾಲಜಿ ಓದಿದ ಕೆಲವರಿಗೆ ಸಸ್ಯಶಾಸ್ತ್ರದ ಪರಿಚಯ ಕಡಿಮೆ ಇರಬಹುದು, ಎರಡೂ ಭಾಗ ಕಲಿಸಿದ್ದೀರಾ ಅಂತ ಕೇಳಿ. ಮೊದಲು ಕಲಿತ ಮಕ್ಕಳ ಮನೆಯವರಿಗೆ ಫೋನ್ ಮಾಡಿ. ಮನೆಗೆ ಬರುವವರಾದರೆ ಗುರುತಿನ ಚೀಟಿ ನೋಡಿ, ಪಾಠ ಎಲ್ಲರಿಗೂ ಕಾಣುವ ಜಾಗದಲ್ಲೇ ನಡೆಯಲಿ.

ನಿಮ್ಮ ಮಗು ತಾನೇ ಪ್ರಶ್ನೆ ಕೇಳುವಂಥದ್ದು, ಸಿಲಬಸ್ ತಾನೇ ನೋಡಿಕೊಳ್ಳುವಂಥದ್ದಾದರೆ ಪಿಎಚ್‌ಡಿ ಹುಡುಗನಂಥವರೇ ಸರಿ. ಸುತ್ತಮುತ್ತ ಯಾವ ಟೀಚರೂ ಸಿಗದ ಕಡೆ ಆನ್‌ಲೈನೇ ಗತಿ. ಆಗ ಡೆಮೊದಲ್ಲೇ ಫೋನನ್ನು ಎರಡನೇ ಕ್ಯಾಮೆರಾ ಮಾಡಿ ನೋಟ್‌ಬುಕ್ ಮೇಲೆ ತಿರುಗಿಸಿಡಲು ಬಿಡುತ್ತಾರಾ ಕೇಳಿ, ಬಿಡದಿದ್ದರೆ ದುಡ್ಡು ಕಟ್ಟಬೇಡಿ. ನಾವು ಟೀಚರ್ ಹತ್ತಿರವೇ ಮುಂದುವರಿಯುತ್ತೇವೆ. ಜೆನೆಟಿಕ್ಸ್‌ನ ಕಷ್ಟದ ಅಧ್ಯಾಯಗಳಿಗೆ ಮಾತ್ರ ರಜೆಯಲ್ಲಿ ಆ ಹುಡುಗನನ್ನು ಕರೆಸುವ ಯೋಚನೆ ಇದೆ. ಈ ಸಲ ಪುಸ್ತಕ ಮೊದಲೇ ಅವನ ಕೈಗೆ ಕೊಟ್ಟಿದ್ದೇನೆ.